‘ಫೆಲನಿ’ಗೆ ‘ಘೋರ ಅಪರಾಧ’ ಎನ್ನಬಹುದೇ?

ಪ್ರಶ್ನೆ: ಅಪರಾಧ ರುಜುವಾತಾದವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ರಾಜ್ಯಗಳು ಹೇಗೆ ತಡೆಯುತ್ತವೆ ಎಂಬ ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಫೆಲನಿ’ಗೆ ಘೋರ ಅಪರಾಧ, ‘ಕನ್ವಿಕ್ಷನ್’ಗೆ ಶಿಕ್ಷೆ, ‘ಪೊಸೆಷನ್’ಗೆ ಒಡೆತನ ಎಂದು ಹಾಕಿದ್ದೇನೆ. ತಿಳಿದವರು ತಿದ್ದಬೇಕು.

ಉತ್ತರ 1: ಮೂರನ್ನೂ ಬದಲಿಸಿ ಸರ್. ಮೋಸದ ಚೆಕ್ಕಿನ ಪ್ರಕರಣವೂ ಫೆಲನಿ ಆಗಬಹುದು, ಅದರಲ್ಲಿ ಘೋರವಾದದ್ದೇನೂ ಇಲ್ಲ. ‘ಸಂಜ್ಞೇಯ ಅಪರಾಧ’ ಎಂದೂ ಬರೆಯಬೇಡಿ. ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದೇ ಎಂಬುದಷ್ಟೇ ಆ ಮಾತಿನ ವಿಷಯ. ‘ಫೆಲನಿ’ ಎಂದೇ ಉಳಿಸಿಕೊಂಡು, ಒಂದು ವರ್ಷಕ್ಕಿಂತ ಹೆಚ್ಚು ಸೆರೆವಾಸ ವಿಧಿಸಬಹುದಾದ ಅಪರಾಧವೆಂದು ಮೊದಲ ಸಲ ವಿವರಿಸಿ. ‘ವಿಧಿಸಬಹುದಾದ’ ಎಂಬುದು ಮುಖ್ಯ. ಬಂದೂಕು ನಿಷೇಧಕ್ಕೆ ಒಕ್ಕೂಟದ (ಫೆಡರಲ್) ಕಾನೂನು ನೋಡುವುದು ಸೆಕ್ಷನ್ನಿನಲ್ಲಿರುವ ಗರಿಷ್ಠ ಶಿಕ್ಷೆಯನ್ನು, ಕೋರ್ಟು ಕೊಟ್ಟದ್ದನ್ನಲ್ಲ. ರಾಜ್ಯ ಮಿಸ್‌ಡಿಮೀನರ್ (ಫೆಲನಿಗಿಂತ ಕೆಳದರ್ಜೆಯದು) ಎಂದು ಕರೆದ ಅಪರಾಧಕ್ಕೆ ಗರಿಷ್ಠ ಶಿಕ್ಷೆ ಎರಡು ವರ್ಷ ಮೀರದಿದ್ದರೆ ಈ ನಿಷೇಧದಿಂದ ವಿನಾಯಿತಿ ಇದೆ.

‘ಕನ್ವಿಕ್ಷನ್’ಗೆ ದೋಷಸಿದ್ಧಿ ಅಥವಾ ಅಪರಾಧ ನಿರ್ಣಯ ಬಳಸಿ. ಜೈಲು ಕಾಣದೆ ಪ್ರೊಬೇಷನ್ ಮೇಲೆ ಹೊರಬಂದವನಿಗೂ ಅಲ್ಲಿ ನಿಷೇಧ ತಗಲುತ್ತದೆ. ನಮ್ಮ 1959ರ ಆಯುಧ ಅಧಿನಿಯಮದ 9ನೇ ಸೆಕ್ಷನ್ ಹಾಗಲ್ಲ: ಹಿಂಸೆ ಅಥವಾ ನೈತಿಕ ಅಧಃಪತನದ ಅಪರಾಧಕ್ಕೆ ಸೆರೆವಾಸವೇ ಆಗಿರಬೇಕು, ಶಿಕ್ಷೆ ಮುಗಿದ ಮೇಲೆ ಐದು ವರ್ಷ ತಡೆ. ಅದನ್ನು ಓದಿ ಬೆಳೆದ ನಮಗೆ ‘ಶಿಕ್ಷೆ’ ಎಂಬ ಪದ ಸಲೀಸಾಗಿ ಬಂದುಬಿಡುತ್ತದೆ.

ಮಿಸ್‌ಡಿಮೀನರನ್ನು ‘ಸಣ್ಣ ಅಪರಾಧ’ ಎಂದರೂ ಓದುಗರು ದಾರಿ ತಪ್ಪುತ್ತಾರೆ. ಹೆಂಡತಿಯ ಮೇಲೆ ಕೈಮಾಡಿದ ಪ್ರಕರಣ ಮಿಸ್‌ಡಿಮೀನರ್ ಆಗಿಯೇ ಮುಗಿದರೂ ಒಕ್ಕೂಟದ ಕಾನೂನಿನ 1996ರ ಲಾಟನ್‌ಬರ್ಗ್ ತಿದ್ದುಪಡಿಯಡಿ ಬಂದೂಕು ನಿಷೇಧ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹಲ್ಲೆಯಂಥ ಕೆಲವು ಮಿಸ್‌ಡಿಮೀನರ್‌ಗಳಿಗೆ ಬಂದೂಕು ನಿಷೇಧ 10 ವರ್ಷ, ಫೆಲನಿಗೆ ಜೀವನಪರ್ಯಂತ.

ಉತ್ತರ 2: ‘ಪೊಸೆಷನ್’ ಬಗ್ಗೆ: ‘ಒಡೆತನ’ ಎಂದರೆ ಕಾನೂನೇ ತಲೆಕೆಳಗಾಗುತ್ತದೆ. ಪಿಸ್ತೂಲು ಹೆಂಡತಿಯ ಹೆಸರಿನಲ್ಲಿದ್ದು, ಮನೆಯ ಬೀರುವಿನಲ್ಲಿದ್ದು, ಕೀಲಿ ಗಂಡನಿಗೂ ಸಿಗುವಂತಿದ್ದರೆ ನಿಷೇಧಿತ ಗಂಡನ ಮೇಲೆ ಕೇಸು ನಿಲ್ಲಬಹುದು. ‘ಸ್ವಾಧೀನ’ ಎಂದು ಬರೆಯಿರಿ. ವಾಕ್ಯದಲ್ಲಿ ತೊಡಕೆನಿಸಿದರೆ ‘ವಶದಲ್ಲಿ ಇಟ್ಟುಕೊಳ್ಳುವುದು’ ಎಂದರೂ ಸರಿ. ಅಂದಹಾಗೆ, ಬಂದೂಕು ಎಂದರೆ ನಮ್ಮವರಿಗೆ ಉದ್ದ ನಳಿಕೆಯದೇ ನೆನಪಾಗುತ್ತದೆ. ಪಿಸ್ತೂಲು, ರಿವಾಲ್ವರ್ ಕೂಡ ಸೇರಿವೆ ಎಂದು ಒಮ್ಮೆ ಹೇಳಿಬಿಡಿ.

ಟೆಕ್ಸಸ್ ಭಾಗವನ್ನು ಅನುವಾದಿಸುವಾಗ ಜೋಪಾನ. ಫೆಲನಿ ರುಜುವಾತಾದವನು ಸೆರೆವಾಸ ಅಥವಾ ಪರೋಲ್‌ನಂಥ ನಿಗಾ, ಇವೆರಡರಲ್ಲಿ ಯಾವುದು ತಡವಾಗಿ ಮುಗಿಯುತ್ತದೋ ಅಲ್ಲಿಂದ ಐದು ವರ್ಷ ಕಳೆದ ಮೇಲೆ ತಾನು ವಾಸಿಸುವ ಜಾಗದಲ್ಲಿ ಮಾತ್ರ ಬಂದೂಕು ಇಡಬಹುದು ಎನ್ನುತ್ತದೆ ರಾಜ್ಯದ ಕಾನೂನು. ಇದನ್ನು ‘ಹಕ್ಕು ಮರಳುತ್ತದೆ’ ಎಂದು ಬರೆಯಬೇಡಿ. ಒಕ್ಕೂಟದ ನಿಷೇಧ ಹಾಗೇ ಇರುತ್ತದೆ, ಮನೆಯಲ್ಲಿಟ್ಟವನ ಮೇಲೆ ಫೆಡರಲ್ ಕೋರ್ಟಿನಲ್ಲಿ ಮೊಕದ್ದಮೆ ಹೂಡಬಹುದು. ‘ಆ ರಾಜ್ಯದ ಕಾನೂನಿನಡಿ ಅಪರಾಧವಾಗದು’ ಎಂದಷ್ಟೇ ಸಾಕು.