ಮ್ಯಾಂಗೋ ಸ್ಟ್ರೀಟ್ ಪುಸ್ತಕ ಮಗು ಓದ್ಬೇಕಾ ಬೇಡ್ವಾ: ನಮ್ಮ ಮನೆ ಗ್ರೂಪಿನ ಜಗಳ

ಶ್ರೀಧರ ಮಾವ: (ಫಾರ್ವರ್ಡೆಡ್ ಮೆನಿ ಟೈಮ್ಸ್) ಅಮೆರಿಕದಲ್ಲಿರುವ ಭಾರತೀಯ ತಂದೆತಾಯಿಗಳೇ ಎಚ್ಚರ!! 'ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್' ಎಂಬ ಕಾದಂಬರಿ ಅಲ್ಲಿನ ಎಲ್ಲಾ ಶಾಲೆಗಳಲ್ಲಿ ಕಡ್ಡಾಯ. ಓದಿದವರೇ ಹೇಳುತ್ತಿದ್ದಾರೆ: ಕಥೆಯೇ ಇಲ್ಲ, ಬರೀ ಅಶ್ಲೀಲ, ಗಂಡಸರೆಲ್ಲ ದುಷ್ಟರು, ಹುಡುಗಿಗೆ ಮನೆ ಬಿಟ್ಟು ಹೋಗುವುದೇ ಗುರಿ. ಹತ್ತು ಜನರಿಗೆ ಕಳಿಸಿ.

ಶ್ರೀಧರ ಮಾವ: ವೀಣಾ, ನಿನ್ ಮಗಳ ಸ್ಕೂಲಲ್ಲೂ ಇದೇನಾ ನೋಡಮ್ಮ

ದೊಡ್ಡಪ್ಪ: ಇದನ್ನೇ ನಾನು ಮೊದಲಿಂದ ಹೇಳ್ತಾ ಬಂದಿರೋದು. ವಯಸ್ಸಿಗೆ ಬರೋ ಹೆಣ್ಣುಮಕ್ಕಳ ಕೈಗೆ ಏನು ಕೊಡ್ತೀವಿ ಅನ್ನೋದ್ರ ಮೇಲೆ ಜವಾಬ್ದಾರಿ ಇರ್ಬೇಕು. ರಜೆಗೆ ಮಗೂನ ಇಲ್ಲಿಗೆ ಕಳಿಸಿ ಅಂದ್ರೆ ಸಮ್ಮರ್ ಕ್ಯಾಂಪ್ ಅಂತೀರ. ನಾಳೆ ಅನುಭವಿಸೋರೂ ನೀವೇ.

ಹುಬ್ಳಿ ಭಾವ: ಅಲ್ರಿ ಮಾವಾರ, ಎಲ್ಲಾ ಸಾಲ್ಯಾಗ ಕಡ್ಡಾಯ ಅಂತ ಯಾರ್ ಹೇಳ್ಯಾರ? ಅಮೆರಿಕಾದಾಗ ದೇಶಕ್ಕೆಲ್ಲಾ ಒಂದ ಸಿಲಬಸ್ ಅನ್ನೋದ ಇಲ್ಲ, ಒಂದೊಂದ್ ಡಿಸ್ಟ್ರಿಕ್ಟ್ ಒಂದೊಂದ್ ನಮೂನಿ. ಓದಿದವ್ರು ಅಂದ್ರ ಯಾರು, ಯಾವ ಪೇಜು? ಹೆಸರಿಲ್ಲ, ಪತ್ತೆ ಇಲ್ಲ.

ಶ್ರೀಧರ ಮಾವ: ಒಳ್ಳೇದಕ್ಕೇ ಕಳಿಸಿದ್ದಪ್ಪ. ನಿಮಗೆ ಎಲ್ಲಕ್ಕೂ ಪ್ರೂಫ್ ಬೇಕು

ಹುಬ್ಳಿ ಭಾವ: ಬೇಕ್ರಿ. 2016ರಾಗ 2000ದ ನೋಟಿನಾಗ ಚಿಪ್ ಐತಿ ಅಂತ ಇದ ಗ್ರೂಪಿಗೆ ಬಂದಿತ್ತು, ಕಳಿಸಿದವ್ರೂ ನೀವ.

ಮಂಜಣ್ಣ: ಮ್ಯಾಂಗೋ ಅಂದಿದ್ದಕ್ಕೆ ನೆನಪಾಯ್ತು, ಅಜ್ಜಿ ಅಟ್ಟದ ಮೇಲೆ ಭತ್ತದ ಹುಲ್ಲಲ್ಲಿ ಕಾಯಿ ಮುಚ್ಚಿಟ್ಟು ಹಣ್ಣು ಮಾಡ್ತಿದ್ರಲ್ಲ, ಏಣಿ ಹತ್ತೋಕ್ ಮುಂಚೇನೆ ಘಮ್ ಅಂತ ವಾಸ್ನೆ, ಸೀಕರಣೆ ಮಾಡಿದ್ ದಿನ ವಾಟೆ ಚೀಪೋಕೆ ನಾನೂ ವೀಣಕ್ಕನೂ ಹೊಡೆದಾಡ್ಕೊತಿದ್ವಿ, ಆ ಮನೆ ಮಾರ್ಬಾರ್ದಿತ್ತು ಕಣ್ರೋ

ದೊಡ್ಡಪ್ಪ: ಮನೆ ಮಾರಿದ್ದು ಎಲ್ಲರ ಒಪ್ಪಿಗೆ ತಗೊಂಡೇ.

ಲಲಿತತ್ತೆ: ಎಲ್ಲರ ಅಂದ್ರೆ ಯಾರ್ಯಾರ್ದು ಅಣ್ಣ?

ವೀಣಕ್ಕ (ಹ್ಯೂಸ್ಟನ್): ಈಗಷ್ಟೇ ನೋಡ್ದೆ. ಹೌದು ಮಾವ, ಮಗಳ ಕ್ಲಾಸಲ್ಲಿ ಈ ವರ್ಷ ಇದೇ ಪುಸ್ತಕ, ಅವಳ ಜೊತೆ ನಾನೂ ಪೂರ್ತಿ ಓದಿದೀನಿ. ಸಾಂಡ್ರಾ ಸಿಸ್ನೆರೋಸ್ ಬರೆದಿದ್ದು, 1984ರಲ್ಲಿ ಮೊದಲು ಪ್ರಿಂಟ್ ಹಾಕಿದ್ದು ಇಲ್ಲೇ ಹ್ಯೂಸ್ಟನ್ ಯೂನಿವರ್ಸಿಟಿಯ ಆರ್ಟೆ ಪೂಬ್ಲಿಕೋ ಪ್ರೆಸ್ಸು. ಕಥೆ ನಡೆಯೋದು ಶಿಕಾಗೋದಲ್ಲಿ, ಎಸ್ಪೆರಾನ್ಸಾ ಅನ್ನೋ ಹುಡುಗಿ, ಮೆಕ್ಸಿಕನ್ ಮನೆತನ, ಬಾಡಿಗೆ ಮನೆಗಳಿಂದ ಕೊನೆಗೂ ಸ್ವಂತ ಮನೆಗೆ ಬರ್ತಾರೆ, ಆದ್ರೆ ಅಪ್ಪ ಅಮ್ಮ ಆಸೆ ತೋರಿಸಿದ್ದ ಮನೆ ಅದಲ್ಲ. ಪುಟ್ಟ ಪುಟ್ಟ 44 ಅಧ್ಯಾಯ, ಕೆಲವು ಒಂದು ಪುಟಾನೂ ಇಲ್ಲ, ಅದಕ್ಕೇ ಕೆಲವರಿಗೆ ಕಥೇನೇ ಇಲ್ಲ ಅನ್ಸೋದು. ಮಾತಿಗೆ ಕೊಟೇಶನ್ ಮಾರ್ಕೂ ಇಲ್ಲ, ಯಾರ್ ಮಾತಾಡ್ತಿದಾರೆ ಅಂತ ನಾನೂ ಒಂದೆರಡು ಕಡೆ ವಾಪಸ್ ಹೋಗಿ ಓದ್ದೆ. ಆದ್ರೆ ಆ ವಯಸ್ಸಿನ ಹುಡುಗಿ ಬೀದೀನ ನೋಡೋದೇ ಹಾಗೆ, ಚೂರು ಚೂರಾಗಿ.

ದೊಡ್ಡಪ್ಪ: ಅಶ್ಲೀಲ ಇದೆಯೋ ಇಲ್ವೋ ಅಷ್ಟು ಹೇಳು.

ವೀಣಕ್ಕ: ಹುಡುಗಿ ಮೇಲೆ ಜಾತ್ರೆಯಂಥ ಜಾಗದಲ್ಲಿ ದೌರ್ಜನ್ಯ ಆಗುತ್ತೆ ದೊಡ್ಡಪ್ಪ. ಒಂದೆರಡು ಪುಟ, ಏನಾಯ್ತು ಅಂತ ಬಿಡಿಸಿ ಹೇಳೋಕೂ ಅವಳ ಕೈಲಾಗಲ್ಲ, ಕರೆದ್ರೂ ಬರದ ಗೆಳತಿ ಸ್ಯಾಲಿ ಮೇಲೆ, ಪ್ರೀತಿ ಅಂದ್ರೆ ಹಾಗೆ ಹೀಗೆ ಅಂತ ಸುಳ್ಳು ಹೇಳಿದವರ ಮೇಲೆ ಸಿಟ್ಟು ಮಾಡ್ಕೊಂಡು ಅಳ್ತಾಳೆ. ಅದನ್ನ ಅಶ್ಲೀಲ ಅಂತ ಕರೆಯೋಕೆ ನನಗೆ ಮನಸ್ಸೇ ಬರಲ್ಲ. ನನ್ನ ಮಗಳು ಓದಿ ಬಂದು ಪಕ್ಕದಲ್ಲಿ ಕೂತು ಕೇಳಿದ್ಲು, ನಾವಿಬ್ರೂ ಮೊದಲ ಸಲ ಆ ವಿಷಯ ಮಾತಾಡಿದ್ವಿ. ಪುಸ್ತಕ ಇಲ್ದಿದ್ರೆ ನಾನಾಗಿ ಶುರು ಮಾಡ್ತಿರ್ಲಿಲ್ಲ.

ಮಂಜಣ್ಣ: ಅಕ್ಕ ಆದ್ರೂ ಗಂಡಸರೆಲ್ಲ ಕೆಟ್ಟವರು ಅಂತ ತೋರ್ಸಿರೋದು ನಿಜ ತಾನೇ? ಲ್ಯಾಟಿನೋ ಓದುಗರಲ್ಲೇ, ಅಂದ್ರೆ ಮೆಕ್ಸಿಕೋ ಥರದ ಲ್ಯಾಟಿನ್ ಅಮೆರಿಕ ದೇಶಗಳ ಮೂಲದವರಲ್ಲೇ, ಕೆಲವರು ನಮ್ಮೋರನ್ನ ಹೊರಗಿನವರ ಮುಂದೆ ಹೊಡೆಯೋರು ಬಡಿಯೋರು ಅಂತ ತೋರ್ಸಿಬಿಟ್ರು ಅಂತಾರೆ

ವೀಣಕ್ಕ: ಆ ನೋವು ಸುಳ್ಳಲ್ಲ ಮಂಜ, ಹೊರಗಿನೋರು ಆ ಒಂದೇ ಪುಸ್ತಕ ಓದಿ ಇಡೀ ಜನಾನ ಅಳೆದುಬಿಡ್ತಾರೆ ಅನ್ನೋ ಭಯ ಇರುತ್ತೆ. ಆದ್ರೆ ಅದ್ರಲ್ಲಿ ಎಸ್ಪೆರಾನ್ಸಾ ಅಪ್ಪ ಇದಾನೆ, ಕತ್ತಲಿದ್ದಾಗಲೇ ಸುಸ್ತಾಗಿ ಎದ್ದು ಕೆಲಸಕ್ಕೆ ಹೋಗೋನು. ಊರಲ್ಲಿ ತಾತ ತೀರ್ಕೊಂಡ ಸುದ್ದಿ ಬಂದಾಗ ದೊಡ್ಡ ಮಗಳು ಅಂತ ಮೊದಲು ಅವಳಿಗೇ ಬಂದು ಹೇಳಿ ಮಂಚದ ಮೇಲೆ ಕೂತು ಅಳ್ತಾನೆ, ಅವಳು ಅಪ್ಪನ್ನ ತಬ್ಬಿ ಹಿಡ್ಕೊತಾಳೆ. ಫಾರ್ವರ್ಡ್ ಮಾಡಿದೋರು ಅದನ್ನ ಓದಿರೋದೇ ಇಲ್ಲ. ರಫೇಲಾ ಅಂತ ಒಬ್ಬಳು ಬರ್ತಾಳೆ, ಚೆಂದ ಇದಾಳೆ ಓಡಿ ಹೋಗ್ತಾಳೆ ಅಂತ ಗಂಡ ಒಳಗೆ ಹಾಕಿ ಬೀಗ ಹಾಕೋದು. ಮಂಗಳವಾರ ಅವನು ಡಾಮಿನೋ ಆಡೋಕೆ ಹೋದಾಗ ಕಿಟಕಿಯಿಂದ ದುಡ್ಡು ಎಸೀತಾಳೆ, ಬೀದಿ ಮಕ್ಕಳು ತೆಂಗಿನದೋ ಪಪ್ಪಾಯದೋ ಜ್ಯೂಸ್ ತಂದು ಅವಳು ಇಳಿಬಿಟ್ಟ ಹಗ್ಗಕ್ಕೆ ಕಟ್ಟಿದ ಚೀಲದಲ್ಲಿ ಇಡ್ತಾರೆ.

ಹುಬ್ಳಿ ಭಾವ: ಮನಿ ಬಿಟ್ಟು ಹೋಗೂದು ಅಂತ ಬರದಾರಲ್ಲ, ಅದು?

ವೀಣಕ್ಕ: ಹೋಗ್ಬೇಕು ಅಂತ ಎಸ್ಪೆರಾನ್ಸಾ ಆಸೆ ನಿಜ ಭಾವ, ಬರೆಯೋಕೆ ತನ್ನದೇ ಒಂದು ಮನೆ ಬೇಕು ಅವಳಿಗೆ. ಆದ್ರೆ ಅಷ್ಟು ಸುಲಭಕ್ಕೆ ಹೋಗಲಾಗದವರಿಗೋಸ್ಕರ ನೀನು ವಾಪಸ್ ಬರ್ಬೇಕು ಅಂತ ಮೂವರು ಹೆಂಗಸರು ಅವಳಿಗೆ ಹೇಳ್ತಾರೆ, ಪುಸ್ತಕ ಮುಗಿಯೋದೂ ಆ ಮಾತಲ್ಲೇ. ಅರಿಝೋನಾದ ಟೂಸಾನಲ್ಲಿ 2012ರಲ್ಲಿ ಸ್ಕೂಲುಗಳಲ್ಲಿ ಮೆಕ್ಸಿಕನ್ ಅಮೆರಿಕನ್ ಸ್ಟಡೀಸ್, ಅಂದ್ರೆ ಮೆಕ್ಸಿಕನ್ ಮೂಲದವರ ಇತಿಹಾಸ ಸಾಹಿತ್ಯ ಹೇಳ್ಕೊಡೋ ಕ್ಲಾಸೇ ನಿಲ್ಲಿಸಿದ್ರು, ಅದರ ಜೊತೆ ಈ ಪುಸ್ತಕಾನೂ ಹೋಯ್ತು. ಆಗ ಇಲ್ಲಿಂದ ಜನ ಪುಸ್ತಕ ತುಂಬ್ಕೊಂಡು ಬಸ್ಸಲ್ಲಿ ಅಲ್ಲಿಗೆ ಹೋಗಿ ಹಂಚಿದ್ರು. 2017ರಲ್ಲಿ ಫೆಡರಲ್ ಜಡ್ಜು, ಆ ಕ್ರಮದ ಹಿಂದೆ ಜನಾಂಗ ದ್ವೇಷ ಇತ್ತು ಅಂತ ತೀರ್ಪು ಕೊಟ್ರು.

ದೊಡ್ಡಪ್ಪ: ಲೇಖಕಿಗೆ ಸಂಸಾರದ ಗೌರವ ಗೊತ್ತಿದ್ಯೋ ಇಲ್ವೋ.

ವೀಣಕ್ಕ: ಏಳು ಮಕ್ಕಳಲ್ಲಿ ಒಬ್ಬಳೇ ಹೆಣ್ಣು ದೊಡ್ಡಪ್ಪ, ಆರು ಜನ ಅಣ್ಣತಮ್ಮಂದಿರ ಮಧ್ಯೆ ಬೆಳೆದವಳು. ಅತ್ತೆ, ನಿಮಗೆ ಹೇಳ್ಬೇಕು ಅಂದ್ಕೊಂಡಿದ್ದೆ, ಎಸ್ಪೆರಾನ್ಸಾ ಅಮ್ಮ ಒಲೆ ಮುಂದೆ ಓಟ್‌ಮೀಲ್ ತಿರುಗಿಸ್ತಾ ಹೇಳ್ತಾಳೆ, ನಾನು ಜಾಣೆ ಇದ್ದೆ, ಒಳ್ಳೆ ಬಟ್ಟೆ ಇಲ್ಲ ಅನ್ನೋ ನಾಚಿಕೆಗೆ ಸ್ಕೂಲ್ ಬಿಟ್ಟೆ ಅಂತ.

ಲಲಿತತ್ತೆ: ನಂದು ಬಟ್ಟೆ ವಿಷಯ ಆಗಿರ್ಲಿಲ್ಲ. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸು. ಅಪ್ಪ ಕಾಲೇಜಿನ ಫಾರ್ಮ್ ತರಿಸಿದ್ರು, ದೇವರ ಮನೆ ಗೂಡಲ್ಲಿ ಇಟ್ಟಿದ್ರು. ಬಸ್ಸಲ್ಲಿ ಹುಡುಗ್ರು ಇರ್ತಾರೆ ಬೇಡ ಅಂದಿದ್ದು ಯಾರು ಅಂತ ಅಣ್ಣನಿಗೆ ಗೊತ್ತು.

ದೊಡ್ಡಪ್ಪ: ಆಗಿನ ಕಾಲ ಹಾಗಿತ್ತು ಲಲಿತಾ. ಇದನ್ನೆಲ್ಲ ಗ್ರೂಪಲ್ಲಿ ಯಾಕೆ.

ಲಲಿತತ್ತೆ: ಮಗು ಏನು ಓದ್ಬೇಕು ಅಂತ ಗ್ರೂಪಲ್ಲೇ ತಾನೇ ತೀರ್ಮಾನ ಮಾಡ್ತಿರೋದು ಅಣ್ಣ. ವೀಣಾ, ಮಗು ಓದ್ಲಿ. ನಂಗೆ ಇಂಗ್ಲಿಷ್ ಅಷ್ಟು ಬರಲ್ಲ, ಬಿಡುವಾದಾಗ ಒಂದೊಂದೇ ಅಧ್ಯಾಯ ಕನ್ನಡದಲ್ಲಿ ಹೇಳಿ ವಾಯ್ಸ್ ಮೆಸೇಜ್ ಕಳಿಸ್ತೀಯಾ. ಆ ಅಮ್ಮಂದು ಮೊದಲು ಕಳಿಸು.

ಹುಬ್ಳಿ ಭಾವ: ಗ್ರೂಪಿಗೇ ಹಾಕ್ರಿ ವೀಣಾ, ನಾವೂ ಕೇಳ್ತೀವಿ.

ಶ್ರೀಧರ ಮಾವ: ನಾನು ಆ ಮೆಸೇಜು ವಾಕಿಂಗ್ ಗ್ರೂಪಿಗೂ ಹಾಕಿದೀನಿ

ಹುಬ್ಳಿ ಭಾವ: ಹಂಗಾರ ವೀಣಾ ಬರದದ್ದನ್ನೂ ಅಲ್ಲಿಗೆ ಕಳಸ್ರಿ ಮಾವಾರ, ಇವತ್ತ ಕಳಸ್ರಿ.