ಸಮಸ್ಯೆ: ‘ಛಲವ ಬಿಟ್ಟವನೆ ಕಡು ಛಲಗಾರನು’

ಸಮಸ್ಯೆ ಕೊಟ್ಟವರು:
ಈ ವಾರದ ಸಾಲು ಇದು. ಐದೈದು ಮಾತ್ರೆಯ ಮೂರು ಗಣ, ಕೊನೆಗೊಂದು ತುಂಡು. ಇದು ನಾಲ್ಕನೇ ಸಾಲಾಗಿ ಬರಬೇಕು, ಅರ್ಥ ಕೂಡುವಂತೆ ಮೇಲಿನ ಮೂರು ಸಾಲು ನೀವು ಕಟ್ಟಬೇಕು. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರುವುದು, ಬಿಡುವ ಹಾಗಿಲ್ಲ. ‘ಲ’ ಬೇಕಾದಷ್ಟು ಸಿಗುತ್ತದೆ, ನೆಪ ಹೇಳಬೇಡಿ. ಛಲ ಬಿಡದ ತ್ರಿವಿಕ್ರಮ ಎಲ್ಲರಿಗೂ ಗೊತ್ತು. ಛಲ ಬಿಟ್ಟೂ ಛಲಗಾರ ಅನಿಸಿಕೊಳ್ಳುವವನು ಯಾರು?

ಮೊದಲು ಬಂದವರು:
ಒಂದು ಸಾಲು ಹೊಳೆಯಿತು.

ಮೊಲಕೆ ಮೂರೇ ಕಾಲು ಎಂಬನವನು

ಮುಂದಕ್ಕೆ ಹೋಗುತ್ತಿಲ್ಲ.

ಸಮಸ್ಯೆ ಕೊಟ್ಟವರು:
ಹೋಗುವುದೂ ಇಲ್ಲ ಸರ್. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನು ಮೊಂಡ. ನಾಲ್ಕನೇ ಕಾಲು ಕಣ್ಣೆದುರೇ ಇದ್ದರೂ ಬೇಕಂತಲೇ ಎಣಿಸುವುದಿಲ್ಲ. ಛಲ ಬೇರೆ. ಅಂಗಡಿ ಮುಂದೆ ನೆಲಕ್ಕೆ ಬಿದ್ದು ಹೊರಳಾಡುವ ಮಗುವಿಗೆ ಹಠ, ರಚ್ಚೆ, ಚಂಡಿ ಅನ್ನುತ್ತೇವೆ. ಅದೇ ಮಗು ಮಂಡಿ ತರಚಿಕೊಂಡು ಸೈಕಲ್ ಕಲಿತರೆ ಆಗ ಛಲ. ಅಲ್ವಾ? ಜೊತೆಗೆ ‘ಕಾಲು ಎಂಬ’ದಲ್ಲಿ ಸಂಧಿಯೂ ಬಿಟ್ಟುಹೋಗಿದೆ.

ಎರಡನೆಯವರು:
ಛಲ ಅಂದರೆ ಬರೀ ಹೊಗಳಿಕೆ ಅಂದುಕೊಳ್ಳಬೇಡಿ. ‘ಛಲದೊಳ್ ದುರ್ಯೋಧನಂ’ ಅಂತ ಪಂಪ ಮೆಚ್ಚಿಯೇ ಹೇಳಿದ. ಆದರೆ ಆ ಛಲಕ್ಕೆ ಕುಲವೇ ಹೋಯಿತು. ಇನ್ನು ಸಂಸ್ಕೃತಕ್ಕೆ ಹೋದರೆ ಛಲ ಅಂದರೆ ಮೋಸ, ನೆಪ. ತರ್ಕದವರ ಹಳೇ ಉದಾಹರಣೆ ಒಂದಿದೆ. ‘ಈ ಹುಡುಗ ನವಕಂಬಲ’ ಅಂದರೆ ಹೊಸ ಕಂಬಳಿಯವನು. ಎದುರಾಳಿ ‘ಒಂಬತ್ತು ಕಂಬಳಿ ಎಲ್ಲಿದೆ, ಒಂದೇ ಇದೆಯಲ್ಲ’ ಅನ್ನುತ್ತಾನೆ. ನವ ಅಂದರೆ ಹೊಸದೂ ಹೌದು, ಒಂಬತ್ತೂ ಹೌದು. ಹೀಗೆ ಗೊತ್ತಿದ್ದೂ ಮಾತು ತಿರುಚುವುದನ್ನು ನ್ಯಾಯಸೂತ್ರ ಛಲ ಅನ್ನುತ್ತದೆ, ಅದರಲ್ಲೂ 3 ಬಗೆ. ಆ ಅರ್ಥ ಹಿಡಿದು ಹರಿಶ್ಚಂದ್ರನನ್ನು ಕರೆತಂದೆ:

ಕುಲಸತಿಯ ಮಾರಿದನು ಮಗನ ಕೂಡೆ
ನೆಲವ ಕೊಟ್ಟನು, ಸುಳ್ಳನಾಡನೆಂದೂ
ಛಲವೆಂದರದು ಕಪಟ ಸಂಸ್ಕೃತದಲಿ
ಛಲವ ಬಿಟ್ಟವನೆ ಕಡು ಛಲಗಾರನು

ಸಮಸ್ಯೆ ಕೊಟ್ಟವರು:
ಮೊದಲ ‘ಛಲ’ ಸಂಸ್ಕೃತದ್ದು, ಎರಡನೆಯದು ಕನ್ನಡದ್ದು. ಚೆನ್ನಾಗಿ ಬಿಡಿಸಿದಿರಿ. ಮೂರನೇ ಸಾಲು ಮಾತ್ರ ಪದ್ಯಕ್ಕಿಂತ ನಿಘಂಟಿಗೆ ಹತ್ತಿರ.

ಮೂರನೆಯವರು:
ಪುರಾಣಕ್ಕೆ ಯಾಕೆ ಹೋಗಬೇಕು, ನಮ್ಮ ತಾತನೇ ಇದ್ದರು. ಐವತ್ತು ವರ್ಷದ ಎಲೆಯಡಿಕೆ ಚಟ. ಡಾಕ್ಟರು ಹೇಳಿದರೂ ಬಿಡಲಿಲ್ಲ, ಮಗಳು ಅತ್ತರೂ ಬಿಡಲಿಲ್ಲ. ಕೊನೆಗೆ ಅಜ್ಜಿ ಕೆಣಕಿದರು.

ಎಲೆಯಡಿಕೆ ಬಿಡೆನೆಂದು ಕೂತ ತಾತ
ಛಲವೆ? ಬಿಡು ನೋಡೋಣ, ಎಂದಳಜ್ಜಿ
ತಲೆಬಾಗಿಲಾಚೆಗೇ ಸಂಚಿ ಹೋಯ್ತು
ಛಲವ ಬಿಟ್ಟವನೆ ಕಡು ಛಲಗಾರನು

ಎರಡನೆಯವರು:
ಆಹಾ! ಬಿಡಲ್ಲ ಅನ್ನುವ ಛಲವನ್ನು ಛಲಕ್ಕೆ ಬಿದ್ದೇ ಬಿಟ್ಟರು. ನನ್ನ ಹರಿಶ್ಚಂದ್ರ ಸೋತ. ಸಂಚಿ ಆಮೇಲೆ ಒಳಗೆ ಬಂತಾ?

ಮೂರನೆಯವರು:
ಬಂತು. ಅಜ್ಜಿ ಅದರಲ್ಲಿ ಚಿಲ್ಲರೆ ಕಾಸು ಹಾಕಿಡುತ್ತಿದ್ದರು.

ಮೊದಲು ಬಂದವರು:
ಒಂದು ನಿಮಿಷ. ‘ನೋಡೋಣ, ಎಂದಳಜ್ಜಿ’ಯಲ್ಲೂ ಸಂಧಿ ಆಗಿಲ್ಲವಲ್ಲ. ನನಗೊಂದು ನ್ಯಾಯ, ಅವರಿಗೊಂದಾ?

ಸಮಸ್ಯೆ ಕೊಟ್ಟವರು:
ಅಲ್ಲಿ ಅಜ್ಜಿಯ ಮಾತು ಮುಗಿದು ಉಸಿರು ನಿಲ್ಲುತ್ತದೆ ಸರ್. ಅದು ನಡೆಯುತ್ತದೆ.

ಮೊದಲು ಬಂದವರು:
ಹಾಗಾದರೆ ‘ಕಾಲು’ ಆದಮೇಲೆ ನಾನೂ ಒಂದು ಅಲ್ಪವಿರಾಮ ಹಾಕುತ್ತೇನೆ. ಮೊಲ ಬಿಡುವುದಿಲ್ಲ. ಉಳಿದ ಎರಡು ಸಾಲು ರಾತ್ರಿಯೊಳಗೆ.