ಸಹಾಯ ಬೇಕು: ಸ್ಪಿತಿ ಕಣಿವೆಯಲ್ಲಿ ಗಾಡಿಗಳ ಕಾಟ ಇಲ್ಲದ ಸೈಕಲ್ ದಾರಿ

ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ನಾನು, ತಂಗಿ ಇಬ್ಬರೂ ಹಿಮಾಚಲದ ಸ್ಪಿತಿ ಕಣಿವೆಯಲ್ಲಿ ಸೈಕಲ್ ತುಳಿಯಬೇಕು ಅಂದುಕೊಂಡಿದ್ದೇವೆ. ಮನಾಲಿ ಕಡೆಯಿಂದ ಹೋದರೆ 4,500 ಮೀಟರ್‌ಗೂ ಎತ್ತರದ ಕುಂಜುಮ್ ಪಾಸ್ ಬೇಗನೇ ಎದುರಾಗುತ್ತದೆ. ಹಾಗಾಗಿ ಕಿನ್ನೌರ್ ಕಡೆಯಿಂದ ನಿಧಾನವಾಗಿ ಏರಿ, ತಾಬೋದಲ್ಲಿ ಉಳಿದು, ಆಮೇಲೆ ಕಾಜಾ ಸೇರುವ ಯೋಚನೆ. ಮೈ ಎತ್ತರಕ್ಕೆ ಒಗ್ಗಬೇಕಲ್ವಾ?

ಹೆದ್ದಾರಿಯಲ್ಲಿ ಟ್ಯಾಕ್ಸಿ, ಬೈಕ್ ಜಾಸ್ತಿ. ನಮಗೆ ಬೇಕಿರುವುದು ನದಿಯ ಸದ್ದು ಕೇಳಿಸುವಂಥ ರಸ್ತೆ. ಅತ್ತರ್ಗು ಸೇತುವೆ ದಾಟಿ ಪಿನ್ ಕಣಿವೆಯ ಮುಧ್ ಊರಿಗೆ ಹೋಗುವ ದಾರಿ ಮೇಲೆ ನಮ್ಮ ಕಣ್ಣಿದೆ. ಅಲ್ಲಿ ಟಾರು ಎಲ್ಲಿವರೆಗೆ ಇದೆ? ಹಿಮ ಕರಗಿ ಮಧ್ಯಾಹ್ನದ ಮೇಲೆ ಹಳ್ಳಗಳಲ್ಲಿ ನೀರು ಏರುತ್ತದೆ. ಸೈಕಲ್ ಹೊತ್ತು ದಾಟಬೇಕಾದ ಜಾಗ ಇವೆಯಾ? ಕೀ, ಕಿಬ್ಬರ್, ಚಿಚಮ್ ಊರುಗಳ ಕಡೆಗೆ ಎಷ್ಟು ಹೊತ್ತಿಗೆ ಹೊರಟರೆ ಗಾಡಿಗಳು ಕಡಿಮೆ?

ಎಲ್ಲಕ್ಕಿಂತ ದೊಡ್ಡ ಚಿಂತೆ ಟೈರ್‌ದು. 32 ಎಂಎಂ ಅಗಲ ಸಾಕಾ, 40 ಬೇಕಾ? ಇಳಿಜಾರಿನ ತಿರುವಿನಲ್ಲಿ ಸಡಿಲ ಜಲ್ಲಿ ಮೇಲೆ ಮುಂದಿನ ಚಕ್ರ ಜಾರಿದರೆ ಕಷ್ಟ, ಎಷ್ಟೋ ಕಡೆ ಪಕ್ಕದಲ್ಲಿ ತಡೆಗೋಡೆಯೂ ಇಲ್ಲ.

ಇತ್ತೀಚೆಗೆ ಅಲ್ಲಿ ತುಳಿದು ಬಂದವರು ದಯವಿಟ್ಟು ತಿಳಿಸಿ. ಫೋಟೊ ಹಾಕುವುದಾದರೆ ಬೆಟ್ಟದ್ದಲ್ಲ, ರಸ್ತೆಯದ್ದು ಹಾಕಿ.